ಸೈಕಲ್ಲೂ ಒಂದು ಪರಿಗ್ರಹವೇ?

ಶ್ರಾವಕನೊಬ್ಬನು ಹೊಸ ಸೈಕಲ್ ಕೊಳ್ಳಬೇಕೆ, ಬೇಡವೆ ಎಂಬುದು ಧರ್ಮದ ಅಂಕಣಕ್ಕೆ ತಕ್ಕ ವಿಷಯವೇ ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ಹೊಲ, ಮನೆ, ಬೆಳ್ಳಿ, ಬಂಗಾರಗಳ ಮಿತಿಯನ್ನು ಕುರಿತು ನಮ್ಮ ಆಚಾರ್ಯರು ವಿಸ್ತಾರವಾಗಿ ಹೇಳಿದ್ದಾರೆ. ಹೊಗೆ ಉಗುಳದ, ಎಣ್ಣೆ ಕುಡಿಯದ ಒಂದು ಬಡ ವಾಹನವು ಯಾರ ಮೋಕ್ಷಮಾರ್ಗಕ್ಕೆ ಅಡ್ಡ ಬಂದೀತು? ಆದರೆ ಆ ಸೈಕಲ್ಲಿನ ಬೆಲೆ ಮೂರೂವರೆ ಲಕ್ಷ ರೂಪಾಯಿ ಎಂದು ತಿಳಿದಾಗ ಪ್ರಶ್ನೆ ತುಸು ಗಂಭೀರವಾಗುತ್ತದೆ. ಕೊಳ್ಳಲು ಹೊರಟವನು ಪರಿಗ್ರಹಪರಿಮಾಣ ವ್ರತವನ್ನು ಸ್ವೀಕರಿಸಿದವನಾಗಿದ್ದರೆ ಇನ್ನಷ್ಟು ಗಂಭೀರವಾಗುತ್ತದೆ.

ನನ್ನ ಸೋದರಳಿಯನು ಬೆಂಗಳೂರಿನಲ್ಲಿ ಎಂಜಿನಿಯರ್. ವಯಸ್ಸು 41. 2018ರ ಫೆಬ್ರುವರಿಯಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ, ಮುನಿಮಹಾರಾಜರೊಬ್ಬರ ಸನ್ನಿಧಿಯಲ್ಲಿ ಅವನು ಅಣುವ್ರತಗಳನ್ನು ಸ್ವೀಕರಿಸಿದನು. ತನ್ನ ಪರಿಗ್ರಹದ ಮಿತಿಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟನು. ಮನೆ ಒಂದು, ಊರಿನ ತೋಟದಲ್ಲಿ ತನ್ನ ಪಾಲು, ಇಷ್ಟು ಬಂಗಾರ, ಇಷ್ಟು ಠೇವಣಿ, ವಾಹನ ಎರಡು. ಎರಡೆಂದರೆ ಒಂದು ಕಾರು, ಒಂದು ಸ್ಕೂಟರ್. ಉಕ್ಕಿನ ಹಳೆಯ ಸೈಕಲ್ಲೊಂದು ಆಗಲೇ ಮನೆಯಲ್ಲಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಈಗ ಟೈಟಾನಿಯಂ ಲೋಹದ ಗ್ರಾವೆಲ್ ಬೈಕ್ ಒಂದರ ಮೇಲೆ ಮನಸ್ಸು ನೆಟ್ಟಿದೆ. 'ಮಾವ, ಸೈಕಲ್ಲು ವಾಹನದ ಲೆಕ್ಕಕ್ಕೆ ಬರುತ್ತದೆಯೇ?' ಎಂದು ಕೇಳಿದ್ದಾನೆ. ಕೇಳುವ ಧಾಟಿಯಲ್ಲಿಯೇ 'ಬರುವುದಿಲ್ಲ' ಎಂಬ ಉತ್ತರದ ನಿರೀಕ್ಷೆಯೂ ಇದೆ. ಮಕ್ಕಳು ಪರೀಕ್ಷೆಯಲ್ಲಿ ಇಂಥ ಧಾಟಿಯಲ್ಲಿ ಸಂದೇಹ ಕೇಳುವುದನ್ನು ಮೂವತ್ತು ವರ್ಷ ಕಂಡಿದ್ದೇನೆ.

ಮೊದಲು ವಸ್ತುವಿನ ವಿಚಾರ. ಗ್ರಾವೆಲ್ ಬೈಕ್ ಎಂದರೆ ಜಲ್ಲಿಹಾದಿಯ ಸೈಕಲ್. ಅಮೆರಿಕದ ಕಾನ್ಸಾಸ್, ಅಯೋವಾ ಮುಂತಾದ ರಾಜ್ಯಗಳಲ್ಲಿ ಹೊಲಗಳ ನಡುವೆ ಡಾಂಬರಿಲ್ಲದ ರಸ್ತೆಗಳು ಬಹುದೂರ ಹಬ್ಬಿವೆ. ಅಲ್ಲಿ ದೂರದೂರ ತುಳಿಯುವವರ ನಡುವೆ ಈ ಬಗೆಯ ಸೈಕಲ್ ಬಳಕೆಗೆ ಬಂದಿತು. ಕಾನ್ಸಾಸಿನ ಎಂಪೋರಿಯಾ ಪಟ್ಟಣದಲ್ಲಿ 2006ರಿಂದ 200 ಮೈಲಿಗಳ ಪಂದ್ಯವೇ ನಡೆಯುತ್ತ ಬಂದಿದೆ. ಪಂದ್ಯದ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಆದರೆ 40ರಿಂದ 50 ಮಿಲಿಮೀಟರ್ ಅಗಲದ ಟೈರುಗಳು, ಡಿಸ್ಕ್ ಬ್ರೇಕ್. ನಮ್ಮ ನಂದಿಬೆಟ್ಟದ ಸುತ್ತಲಿನ ಹೊಲದ ದಾರಿಗಳಿಗೂ ಕನಕಪುರದ ಕಡೆಯ ಕೆರೆ ಏರಿಗಳಿಗೂ ಇದು ಒಗ್ಗುತ್ತದೆ ಎಂಬುದು ಸುಳ್ಳಲ್ಲ.

ಇನ್ನು ಟೈಟಾನಿಯಂ. ವಿಜ್ಞಾನದ ಪಾಠ ಹೇಳಿದವನ ಚಟ, ಓದುಗರು ಮನ್ನಿಸಬೇಕು. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಕಪ್ಪು ಮರಳಿನಲ್ಲಿ ಗುರುತಿಸಿದ ಧಾತು ಇದು. ಅಂಥದೇ ಕಪ್ಪು ಮರಳು ಕೇರಳದ ಚವರದ ಕಡಲತೀರದಲ್ಲಿಯೂ ಇದೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಟೈಟಾನಿಯಂ 4.5 ಗ್ರಾಂ. ತುಕ್ಕು ಹಿಡಿಯುವುದಿಲ್ಲ, ಬಣ್ಣ ಬೇಕಿಲ್ಲ. ಸೈಕಲ್ಲಿನ ಕೊಳವೆಗಳಿಗೆ ಇದರೊಡನೆ ಸಾಮಾನ್ಯವಾಗಿ ನೂರಕ್ಕೆ ಮೂರು ಪಾಲು ಅಲ್ಯೂಮಿನಿಯಂ, ಎರಡೂವರೆ ಪಾಲು ವನೇಡಿಯಂ ಬೆರೆಸುತ್ತಾರೆ. ಕಾದಾಗ ಅದು ಗಾಳಿಯ ಆಮ್ಲಜನಕವನ್ನು ಹೀರಿ ಪೆಡಸಾಗುವುದರಿಂದ ಆರ್ಗಾನ್ ಅನಿಲದ ರಕ್ಷಣೆಯಲ್ಲಿಯೇ ಬೆಸೆಯಬೇಕು. ಉಕ್ಕಿನ ಚೌಕಟ್ಟು ಬಿರುಕು ಬಿಟ್ಟರೆ ಹಿರೀಸಾವೆಯ ವೆಲ್ಡಿಂಗ್ ಅಂಗಡಿಯವನೂ ಹೇಗೋ ಬೆಸೆದು ಮನೆ ಮುಟ್ಟಿಸುತ್ತಾನೆ. ಇದು ಬಿರುಕು ಬಿಟ್ಟರೆ ಅದಕ್ಕೆಂದೇ ಪಳಗಿದ ಕೈ ಬೇಕು.

ಸೋದರಳಿಯನ ವಾದಗಳು ಮೂರು: ಹಗುರ, ಸುಖವಾದ ಸವಾರಿ, ಬಾಳಿಕೆ. ಹಗುರವೆಂದರೆ ಉಕ್ಕಿನ ಚೌಕಟ್ಟಿಗಿಂತ ಅರ್ಧ ಕಿಲೋದಿಂದ ಒಂದು ಕಿಲೋ ಕಡಿಮೆ. ಒಂದು ಲೀಟರ್ ನೀರಿನ ತೂಕ. ಕುಲುಕಾಟ ತಗ್ಗುವುದು ಚೌಕಟ್ಟಿನ ಲೋಹಕ್ಕಿಂತ ಹೆಚ್ಚಾಗಿ ಅಗಲವಾದ ಟೈರಿನಿಂದ, ಅದರೊಳಗಿನ ಗಾಳಿಯ ಒತ್ತಡವನ್ನು ಹದವಾಗಿ ಇಳಿಸುವುದರಿಂದ. ಈ ಎರಡು ವಾದಗಳು ಇಲ್ಲಿಗೇ ನಿಲ್ಲುತ್ತವೆ.

ಮೂರನೆಯದು ಹಾಗಲ್ಲ, ಅದಕ್ಕೆ ಧರ್ಮದ ಬಲವೂ ಇದೆ. 'ಜೀವಮಾನಕ್ಕೆ ಒಂದೇ ಸಲ ಕೊಂಡರೆ ಮತ್ತೆ ಮತ್ತೆ ಕೊಳ್ಳುವ ಹಿಂಸೆ ತಪ್ಪುತ್ತದಲ್ಲವೇ?' ಎಂದು ಅವನು ಕೇಳಿದನು. ಒಳ್ಳೆಯ ಪ್ರಶ್ನೆ. ಭೂಮಿಯನ್ನು ಅಗೆಯುವಲ್ಲಿ ಪೃಥ್ವೀಕಾಯಿಕ ಜೀವಗಳಿಗೂ ಕುಲುಮೆಯಲ್ಲಿ ಅಗ್ನಿಕಾಯಿಕ ಜೀವಗಳಿಗೂ ಆಗುವ ಘಾತವನ್ನು ಗೃಹಸ್ಥನು ಪೂರ್ತಿಯಾಗಿ ತಪ್ಪಿಸಲಾರ; ನಿಷ್ಪ್ರಯೋಜಕವಾದುದನ್ನು ಮಾತ್ರ ಬಿಡಬಲ್ಲ. ಟೈಟಾನಿಯಂ ತಯಾರಿಕೆಯಾದರೋ ಮರಳನ್ನು ಕ್ಲೋರಿನ್‌ನೊಂದಿಗೆ ಕಾಯಿಸಿ, ಬಂದ ದ್ರವವನ್ನು 800 ಡಿಗ್ರಿ ಸೆಲ್ಸಿಯಸ್ ದಾಟಿದ ಉಷ್ಣದಲ್ಲಿ ಮೆಗ್ನೀಸಿಯಂನೊಂದಿಗೆ ಕೂಡಿಸಿ, ಮತ್ತೆ ಕರಗಿಸಿ ಪಡೆಯುವ ದೀರ್ಘ ಕ್ರಿಯೆ. ಒಂದು ಕಿಲೋ ಲೋಹಕ್ಕೆ ತಗಲುವ ಶಕ್ತಿ ಉಕ್ಕಿಗಿಂತ ಹಲವು ಪಟ್ಟು. ಇಷ್ಟೆಲ್ಲ ಆರಂಭವನ್ನು ದೀರ್ಘ ಬಾಳಿಕೆ ಸಮರ್ಥಿಸಬಹುದು, ಆದರೆ ಕೊಂಡವನು ನಿಜವಾಗಿಯೂ ಅದರೊಡನೆ ಬಾಳಿದರೆ ಮಾತ್ರ. ಐದು ವರ್ಷಕ್ಕೆ ಹೊಸ ಮಾದರಿಯ ಮೇಲೆ ಮನಸ್ಸು ಹೋದರೆ ಲೋಹದ ಬಾಳಿಕೆಯಿಂದ ಏನಾಯಿತು? ಸರಪಣಿ, ಬ್ರೇಕ್ ಪ್ಯಾಡ್, ಟೈರುಗಳಂತೂ ಯಾವ ಸೈಕಲ್ಲಿನಲ್ಲಿಯೂ ಸವೆಯುತ್ತವೆ. ಅವನ ಉಕ್ಕಿನ ಸೈಕಲ್ಲಿಗೆ ಈಗ ಹನ್ನೊಂದು ವರ್ಷ, ಚೌಕಟ್ಟು ಗಟ್ಟಿಯಾಗಿದೆ. ಬಾಳಿಕೆಯ ವಾದವನ್ನು ಅದು ಮನೆಯ ಗೋಡೆಗೆ ಒರಗಿಕೊಂಡು ತನ್ನ ಪರವಾಗಿಯೇ ಮಂಡಿಸುತ್ತಿದೆ.

ಪರಿಗ್ರಹವೆಂದರೇನು ಎಂಬಲ್ಲಿ ತತ್ತ್ವಾರ್ಥಸೂತ್ರಕಾರರು ವಸ್ತುಗಳ ಕಡೆಗೆ ಬೆರಳು ತೋರಲಿಲ್ಲ, ಮೂರ್ಛೆಯ ಕಡೆಗೆ ತೋರಿದರು. ಮೂರ್ಛೆಯೆಂದರೆ 'ಇದು ನನ್ನದು' ಎಂಬ ಮಮತ್ವದಲ್ಲಿ ಎಚ್ಚರ ತಪ್ಪುವುದು. ದಿಗಂಬರ ಮುನಿಗಳು ಪಿಂಛಿ, ಕಮಂಡಲು, ಶಾಸ್ತ್ರ ಇವನ್ನು ಇಟ್ಟುಕೊಳ್ಳುತ್ತಾರೆ. ಅವು ಪರಿಗ್ರಹವಲ್ಲ, ಉಪಕರಣ. ಪಿಂಛಿ ಸಂಯಮಕ್ಕೆ, ಕಮಂಡಲು ಶೌಚಕ್ಕೆ, ಶಾಸ್ತ್ರ ಜ್ಞಾನಕ್ಕೆ. 'ಈ ಪಿಂಛಿಯ ಗರಿಗಳು ಎಷ್ಟು ಅಂದ' ಎಂಬ ಮೋಹ ಹುಟ್ಟಿದರೆ ಅದೂ ಉಪಕರಣವಾಗಿ ಉಳಿಯದು. ಹಾಗಾದರೆ ಗೃಹಸ್ಥನ ಸೈಕಲ್ ಆರೋಗ್ಯದ ಉಪಕರಣವಾಗಬಹುದೇ? ಖಂಡಿತ ಆಗಬಹುದು. ಕೊಂಚ ಹೆಚ್ಚಿದ ರಕ್ತದೊತ್ತಡಕ್ಕೆ ವೈದ್ಯರು ವ್ಯಾಯಾಮ ಹೇಳಿದ ಮೇಲೆಯೇ ಅವನು ನಿತ್ಯ ತುಳಿಯತೊಡಗಿದ್ದು. ಆ ಕೆಲಸವನ್ನು ಉಕ್ಕಿನ ಸೈಕಲ್ ಈಗಲೂ ಮಾಡುತ್ತಿದೆ.

ಈ ಸೂತ್ರವನ್ನು ತಿರುಚುವವರೂ ಇದ್ದಾರೆ. ಮೂರ್ಛೆಯಿಲ್ಲದಿದ್ದರೆ ಎಷ್ಟಿದ್ದರೇನು, ಭರತ ಚಕ್ರವರ್ತಿ ಷಟ್ಖಂಡದ ಒಡೆಯನಾಗಿಯೂ ನಿರ್ಲಿಪ್ತನಾಗಿರಲಿಲ್ಲವೇ ಎನ್ನುತ್ತಾರೆ. ಮೂಡುಬಿದಿರೆಯ ರತ್ನಾಕರವರ್ಣಿಯ 'ಭರತೇಶ ವೈಭವ'ವನ್ನು ಓದಿ ಬೆಳೆದ ನಾಡು ನಮ್ಮದು. ಭೋಗದಲ್ಲಿಯೂ ಯೋಗಿಯಾಗಿದ್ದ ಆ ಭರತೇಶ ನಮಗೆ ಪ್ರಿಯ. ಆದರೆ ಅಂಗಡಿಯ ಬಾಗಿಲಲ್ಲಿ ನಿಂತಾಗ ಮಾತ್ರ ಭರತನನ್ನು ನೆನೆಯುವವನು ಅವನ ಕಥೆಯ ಅನುಕೂಲದ ಭಾಗವನ್ನಷ್ಟೇ ಓದಿದ್ದಾನೆಂದು ನನ್ನ ಅಭಿಪ್ರಾಯ. ಇದಕ್ಕಾಗಿಯೇ ಶ್ರಾವಕನಿಗೆ ಭಾವದ ಮಾತನ್ನಷ್ಟೇ ಹೇಳದೆ ಪರಿಮಾಣವನ್ನೂ ವಿಧಿಸಿದರು. ಮೂರ್ಛೆಯನ್ನು ತಾನೇ ಅಳೆಯುವುದು ಕಷ್ಟ, ಎಣಿಕೆಯನ್ನು ಅಳೆಯಬಹುದು.

ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಈ ವ್ರತಕ್ಕೆ ಹೇಳಿದ ಐದು ಅತಿಚಾರಗಳು ಈ ಪ್ರಸಂಗಕ್ಕೆಂದೇ ಹೇಳಿದಂತಿವೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಎತ್ತು ಮೊದಲಾದ ಪ್ರಾಣಿಗಳನ್ನು ಲೋಭದಿಂದ ಶಕ್ತಿ ಮೀರಿ ನಡೆಸುವುದು ಅತಿವಾಹನವೆಂದು ಒಂದು ಅರ್ಥ. ಅಗತ್ಯ ಮೀರಿ ವಾಹನಗಳನ್ನು ಇಟ್ಟುಕೊಳ್ಳುವುದೆಂದು ಇನ್ನೊಂದು. ಎರಡನೆಯ ಅರ್ಥದಲ್ಲಿ ನೋಡಿದರೆ ಸೈಕಲ್ ವಾಹನವಲ್ಲವೆಂದು ಹೇಳಲು ದಾರಿಯೇ ಇಲ್ಲ. ಮನುಷ್ಯನನ್ನು ಹೊತ್ತು ಸಾಗುವುದೆಲ್ಲ ವಾಹನವೇ. ಎಂಜಿನ್ ಇರಬೇಕೆಂಬುದು ಸಾರಿಗೆ ಇಲಾಖೆಯ ಲೆಕ್ಕ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಮೂರನೆಯದಾದ ವಿಸ್ಮಯ. ಪರರ ಸಂಪತ್ತನ್ನು ಕಂಡು ಬೆರಗಾಗುವುದು. ಬೆರಗಿನಲ್ಲಿ ಏನು ದೋಷ? ಕಳ್ಳತನವಿಲ್ಲ, ಸುಳ್ಳಿಲ್ಲ, ಕೈಯಿಂದ ಕಾಸೂ ಹೋಗಿಲ್ಲ. ಆದರೂ ಆಚಾರ್ಯರು ಅದನ್ನು ಲೋಭಕ್ಕಿಂತ ಮೊದಲು ಎಣಿಸಿದ್ದಾರೆ. ಅವನನ್ನೇ ಕೇಳಿದೆ: ಈ ಸೈಕಲ್ ಬೇಕೆಂದು ಮೊದಲು ಅನ್ನಿಸಿದ್ದು ಯಾವಾಗ? ಹಳೆಯ ಸೈಕಲ್ ದಾರಿಯಲ್ಲಿ ಕೈಕೊಟ್ಟಾಗ ಅಲ್ಲ. ಭಾನುವಾರದ ಸವಾರಿಯಲ್ಲಿ ಜೊತೆಗಾರನೊಬ್ಬನು ಬಣ್ಣವಿಲ್ಲದೆ ಮಂದವಾಗಿ ಹೊಳೆಯುವ ಬೂದುಬಣ್ಣದ ಚೌಕಟ್ಟನ್ನು ಚಹಾದಂಗಡಿಯ ಮುಂದೆ ನಿಲ್ಲಿಸಿದಾಗ. ಎಲ್ಲರೂ ಸುತ್ತ ನೆರೆದರು, ಒಬ್ಬೊಬ್ಬರೇ ಎತ್ತಿ ನೋಡಿದರು. ಅಂದಿನವರೆಗೆ ತನ್ನ ಸೈಕಲ್ ಭಾರವೆಂದು ಅವನಿಗೆ ಅನ್ನಿಸಿರಲಿಲ್ಲ. ಆರೋಗ್ಯ, ಬಾಳಿಕೆ, ಹೊಲದ ದಾರಿ ಈ ಕಾರಣಗಳೆಲ್ಲ ಆ ಬೆಳಗಿನ ನಂತರ ಹುಟ್ಟಿದವು. ಇದನ್ನು ಅವನೇ ಪ್ರಾಮಾಣಿಕವಾಗಿ ಹೇಳಿದನು. ಹೇಳಿದ್ದು ಅವನ ಹಿರಿಮೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊಸ ಸೈಕಲ್ಲನ್ನು ಮಗನ ಹೆಸರಿನಲ್ಲಿ ಕೊಂಡರೆ ಹೇಗೆ, ಸ್ಕೂಟರನ್ನು ಹೆಂಡತಿಯ ಹೆಸರಿಗೆ ಬರೆದು ಲೆಕ್ಕದಿಂದ ಬಿಟ್ಟರೆ ಹೇಗೆ ಎಂಬ ಯೋಚನೆಗಳೂ ಅವನಿಗೆ ಬಂದಿವೆ. ವ್ರತವನ್ನು ಅಕ್ಷರದಲ್ಲಿ ಉಳಿಸಿಕೊಂಡು ಅರ್ಥದಲ್ಲಿ ಸಡಿಲಿಸುವುದನ್ನೇ ಅತಿಚಾರವೆನ್ನುವುದು. ಸ್ಕೂಟರನ್ನೇ ಮಾರಿ ಎಣಿಕೆಯನ್ನು ಸರಿಮಾಡುತ್ತೇನೆ ಎಂದೂ ಅಂದನು. ಆ ಸ್ಕೂಟರಿನಲ್ಲಿ ದಿನವೂ ತರಕಾರಿ ತರುವವಳು, ಮಗಳನ್ನು ಶಾಲೆಗೆ ಬಿಡುವವಳು ಅವನ ಹೆಂಡತಿ. ಗಂಡನ ವ್ರತಪಾಲನೆಯ ಬೆಲೆಯನ್ನು ಹೆಂಡತಿ ತೆರುವ ಪದ್ಧತಿ ನಮ್ಮ ಮನೆಗಳಲ್ಲಿ ಹೊಸದೇನಲ್ಲ, ಆದರೆ ಅದನ್ನು ತ್ಯಾಗವೆಂದು ಕರೆಯಲು ನನಗೆ ಮನಸ್ಸು ಬಾರದು.

ಋತುವಿನ ಪ್ರಶ್ನೆಯೂ ಇದೆ. ಈಗ ಚಾತುರ್ಮಾಸ ಆರಂಭವಾಗಿದೆ. ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗುವುದರಿಂದ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಹೊಲದ ದಾರಿಯಲ್ಲಿ, ಕೆರೆಯ ಏರಿಯಲ್ಲಿ ಎರೆಹುಳು, ಸಹಸ್ರಪದಿ, ಕಪ್ಪೆಮರಿ, ಹಸಿರು ಚಿಗುರು ತುಂಬಿರುವ ತಿಂಗಳುಗಳಲ್ಲಿ ಅಗಲ ಟೈರಿನ ಸೈಕಲ್ಲನ್ನು ವೇಗವಾಗಿ ಓಡಿಸುವವನು ಎಷ್ಟನ್ನು ನೋಡಿ ತಪ್ಪಿಸಬಲ್ಲ? ಶ್ರಾವಕನಿಗೆ ಮುನಿಯ ಈರ್ಯಾಸಮಿತಿಯಿಲ್ಲ, ನಿಜ. ಆದರೂ ಈ ಸೈಕಲ್ಲಿನ ಹೆಸರಿಗೆ ತಕ್ಕ ಸವಾರಿಯನ್ನು ವರ್ಷದಲ್ಲಿ ನಾಲ್ಕು ತಿಂಗಳು ಬಿಡುವುದೇ ಜೈನನಿಗೆ ಲೇಸು. ಆ ತಿಂಗಳುಗಳಲ್ಲಿ ಡಾಂಬರು ರಸ್ತೆ ಸಾಕು, ಅದಕ್ಕೆ ಉಕ್ಕಿನ ಸೈಕಲ್ಲೂ ಸಾಕು.

ನಾನು ಅವನಿಗೆ 'ಕೊಳ್ಳಬೇಡ' ಎನ್ನಲಿಲ್ಲ. ಸಮಂತಭದ್ರರು ಭೋಗೋಪಭೋಗಪರಿಮಾಣ ವ್ರತದಲ್ಲಿ ಯಮ, ನಿಯಮ ಎಂದು ಎರಡು ಬಗೆ ಮಾಡಿದ್ದಾರೆ. ಜೀವನಪರ್ಯಂತ ಬಿಡುವುದು ಯಮ. ಕಾಲವನ್ನು ಗೊತ್ತುಮಾಡಿಕೊಂಡು ಬಿಡುವುದು ನಿಯಮ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ, ಹೀಗೆ ಅವಧಿಯನ್ನು ಶ್ರಾವಕನೇ ಆರಿಸಿಕೊಳ್ಳಬಹುದು. ಆ ನಿಯಮಕ್ಕೆ ಒಳಪಡುವ ವಸ್ತುಗಳ ಪಟ್ಟಿಯಲ್ಲಿ ಆಹಾರದ ಬೆನ್ನಿಗೇ ವಾಹನದ ಹೆಸರಿದೆ. ಗೃಹಸ್ಥನ ಮನಸ್ಸನ್ನು ಬಲ್ಲವರು ಮಾಡಿದ ಏರ್ಪಾಡು ಇದು. 'ಎಂದಿಗೂ ಬೇಡ' ಎಂದರೆ ಮನಸ್ಸು ಹಟ ಹಿಡಿಯುತ್ತದೆ. 'ದೀಪಾವಳಿಯವರೆಗೆ ಬೇಡ' ಎಂದರೆ ಒಪ್ಪುತ್ತದೆ. ಆದುದರಿಂದ ಮಹಾವೀರ ಸ್ವಾಮಿಯ ನಿರ್ವಾಣದ ದಿನದವರೆಗೆ ಸೈಕಲ್ ಕೊಳ್ಳದಿರುವುದು, ಅದರ ಬೆಲೆ ವಿಚಾರಿಸದಿರುವುದು, ರಾತ್ರಿ ಮಲಗುವ ಮುನ್ನ ಫೋನಿನಲ್ಲಿ ಅದರ ಚಿತ್ರಗಳನ್ನು ನೋಡದಿರುವುದು ಎಂಬ ನಿಯಮವನ್ನು ಸೂಚಿಸಿದೆ. ಮೊದಲನೆಯ ಎರಡಕ್ಕೆ ಕೂಡಲೇ ಒಪ್ಪಿದನು. ಮೂರನೆಯದಕ್ಕೆ ಎರಡು ದಿನ ತೆಗೆದುಕೊಂಡನು.

ದೀಪಾವಳಿಯ ನಂತರವೂ ಬೇಕೆನ್ನಿಸಿದರೆ ಕೊಳ್ಳಲಿ. ಆದರೆ ಹಳೆಯ ಸೈಕಲ್ ಮನೆಯಲ್ಲಿ ಉಳಿಯಕೂಡದು. ಅದನ್ನು ಮಾರದೆ, ಕೆಲಸಕ್ಕೆ ನಡೆದು ಹೋಗುವ ಯಾರಿಗಾದರೂ ಕೊಡಬೇಕು. ಆಸನವನ್ನು ಆರಿಸುವಾಗ ಚರ್ಮದ್ದಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇಂಥ ಸೈಕಲ್ಲುಗಳಿಗೆ ದುಬಾರಿ ಚರ್ಮದ ಆಸನ ಹಾಕಿಸುವ ಹವ್ಯಾಸ ಹಲವರಲ್ಲಿದೆ.

ಇಷ್ಟಾದರೂ ಎಣಿಕೆಯ ಪ್ರಶ್ನೆ ಉಳಿಯುತ್ತದೆ. ಸೈಕಲ್ ವಾಹನವೇ ಆದರೆ ಅವನ ಮನೆಯಲ್ಲಿ ಇಂದೂ ಮೂರು ವಾಹನಗಳಿವೆ, ಬರೆದದ್ದು ಎರಡು. ಪುಸ್ತಕದಲ್ಲಿ 'ಎರಡು' ಎಂಬುದನ್ನು 'ಮೂರು' ಎಂದು ತಾನೇ ತಿದ್ದಿಕೊಳ್ಳುವ ಅಧಿಕಾರ ಅವನಿಗಿಲ್ಲ, ತಿದ್ದು ಎನ್ನುವ ಅಧಿಕಾರ ನನಗೂ ಇಲ್ಲ. ಸ್ವೀಕರಿಸಿದ ಮಿತಿಯನ್ನು ಕುಗ್ಗಿಸಬಹುದು, ಹಿಗ್ಗಿಸುವಂತಿಲ್ಲ. ತಿಳಿಯದೆ ಆದ ಈ ವ್ಯತ್ಯಾಸವನ್ನು ಗುರುಗಳ ಮುಂದೆ ಆಲೋಚನೆ ಮಾಡಿ, ಅವರು ಹೇಳಿದಂತೆ ನಡೆಯಬೇಕು. ಕಾರನ್ನು ಬಿಡು ಎಂದರೂ ಎಂದಾರು. ಅವನ ಮನೆಯಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಬಸದಿಯಲ್ಲಿ ಈ ವರ್ಷ ಮುನಿಸಂಘವೊಂದರ ಚಾತುರ್ಮಾಸವಿದೆ. ಬರುವ ಭಾನುವಾರ ಬೆಳಕು ಹರಿದ ಮೇಲೆ ಹೊರಟು, ಡಾಂಬರು ರಸ್ತೆಯಲ್ಲಿಯೇ, ಹಳೆಯ ಸೈಕಲ್ಲಿನಲ್ಲಿ ಅಲ್ಲಿಗೆ ಹೋಗುತ್ತಾನಂತೆ. ಪುಸ್ತಕವನ್ನೂ ಒಯ್ಯಲು ಹೇಳಿದ್ದೇನೆ.