ಕಾರಿನ ‘ಸ್ಲೋ’ ಯಾಕೆ ಕೆಡುತ್ತದೆ?

ರೇಸ್ ಒತ್ತದೆ ನಿಂತಾಗಲೂ ಕಾರಿನ ಇಂಜಿನ್ ತಿರುಗುತ್ತಿರುತ್ತದಲ್ಲ, ಅದಕ್ಕೆ ಐಡ್ಲಿಂಗ್ ಎನ್ನುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಅದರ ಹೆಸರು ‘ಸ್ಲೋ’. ಚಿಕ್ಕ ಪೆಟ್ರೋಲ್ ಕಾರಿನ ಇಂಜಿನ್ ಬಿಸಿಯಾದ ಮೇಲೆ ಇದು ನಿಮಿಷಕ್ಕೆ ಸುಮಾರು 700ರಿಂದ 850 ಸುತ್ತು ಇರುತ್ತದೆ. ತೀರಾ ಕಡಿಮೆಯಾದರೆ ಗಾಡಿ ಸಿಗ್ನಲ್‌ನಲ್ಲಿ ಆಫ್ ಆಗುತ್ತದೆ. ಹೆಚ್ಚಾದರೆ ನಿಂತಲ್ಲೇ ಪೆಟ್ರೋಲ್ ಕುಡಿಯುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಿ ಸ್ಕ್ರೂ ತಿರುಗಿಸಿ, ಕಿವಿಯಲ್ಲಿ ಕೇಳಿ ಸರಿ ಮಾಡುತ್ತಿದ್ದರು. ಈಗ ಸ್ಲೋ ನೋಡಿಕೊಳ್ಳುವುದು ಇಸಿಎಂ ಎಂಬ ಪುಟ್ಟ ಕಂಪ್ಯೂಟರ್. ಅದು ಸೆನ್ಸರ್‌ಗಳು ಹೇಳಿದ್ದನ್ನೆಲ್ಲ ನಂಬುತ್ತದೆ.

ಕಾಮರ್ಸ್ ಓದುವ ನನಗೆ ಇದೆಲ್ಲ ಗೊತ್ತಾಗಿದ್ದು ನಮ್ಮ ಮಾಮುವಿನ ಟ್ಯಾಕ್ಸಿಯಿಂದ. ದಾವಣಗೆರೆಯಲ್ಲಿ ಓಡಿಸುವ ಸೆಕೆಂಡ್ ಹ್ಯಾಂಡ್ ಬಿಎಸ್-4 ಕಾರು, ಅದರ ಸಾಲದ ಕಂತು ಇನ್ನೂ ಮುಗಿದಿಲ್ಲ. ಸ್ಲೋ 1,300ಕ್ಕೆ ಏರುವುದು, ಇದ್ದಕ್ಕಿದ್ದಂತೆ ಇಳಿದು ನಡುಗುವುದು. ಸೈಲೆನ್ಸರ್‌ನಿಂದ ಪೆಟ್ರೋಲ್ ವಾಸನೆ. ಲೀಟರಿಗೆ 17 ಕಿಲೋಮೀಟರ್ ಕೊಡುತ್ತಿದ್ದದ್ದು 12ಕ್ಕೆ ಬಂದಿತ್ತು. ಒಂದು ಗ್ಯಾರೇಜಿನವರು ನಾಲ್ಕೂ ಪ್ಲಗ್ ಬದಲಿಸಿದರು. ಇನ್ನೊಬ್ಬರು ಥ್ರಾಟಲ್ ಬಾಡಿಯನ್ನೇ ಹೊಸದು ಹಾಕಬೇಕು, 9,000 ರೂಪಾಯಿ ಆಗುತ್ತದೆ ಎಂದರು. ಅಷ್ಟು ಕೊಟ್ಟರೆ ಆ ತಿಂಗಳ ಕಂತು ಕಟ್ಟಲಾಗುತ್ತಿರಲಿಲ್ಲ. ಕೊನೆಗೆ ಮಾಮು ಸ್ಕ್ಯಾನರ್ ಇಟ್ಟುಕೊಂಡಿರುವ ಒಬ್ಬ ಹಳೇ ಉಸ್ತಾದರ ಬಳಿಗೆ ಹೋದರು. ರಜೆ ಇತ್ತು, ನಾನೂ ಜೊತೆಗೆ ಹೋದೆ.

ಸ್ಟೀರಿಂಗ್ ಕೆಳಗಡೆ, ಡ್ಯಾಶ್‌ಬೋರ್ಡ್ ಅಡಿಯಲ್ಲಿ 16 ಪಿನ್‌ಗಳ ಒಂದು ಸಾಕೆಟ್ ಇರುತ್ತದೆ. ಅದೇ ಒಬಿಡಿ ಪೋರ್ಟ್. ಸ್ಕ್ಯಾನರ್ ಚುಚ್ಚಿದರೆ ಮೊದಲು ಫಾಲ್ಟ್ ಕೋಡ್ ಓದಬಹುದು. ಪಿ0301 ಬಂದರೆ ಒಂದನೇ ಸಿಲಿಂಡರ್ ಮಿಸ್ಸಿಂಗ್, ಪಿ0507 ಬಂದರೆ ಸ್ಲೋ ಇರಬೇಕಾದದ್ದಕ್ಕಿಂತ ಹೆಚ್ಚು. ಮಾಮುವಿನ ಕಾರಿನಲ್ಲಿ ಯಾವ ಕೋಡೂ ಇರಲಿಲ್ಲ. ಚೆಕ್ ಇಂಜಿನ್ ಲೈಟೂ ಹತ್ತಿರಲಿಲ್ಲ. ಬಹಳಷ್ಟು ಜನ ಇಲ್ಲಿಗೇ ಸ್ಕ್ಯಾನರ್ ಕಿತ್ತು ಅಂದಾಜಿಗೆ ಇಳಿಯುತ್ತಾರೆ. ಉಸ್ತಾದ್ ಲೈವ್ ಡೇಟಾ ತೆರೆದು, “ಬೇಟಾ, ಈಗ ಒಂದೊಂದೇ ಅಂಕಿ ಓದು” ಎಂದರು.

ಇನ್‌ಟೇಕ್ ಒಳಗಿನ ಒತ್ತಡ ತೋರಿಸುವುದು ಮ್ಯಾಪ್ ಸೆನ್ಸರ್. ಇಂಜಿನ್ ಆಫ್ ಇದ್ದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ಹೇಳುತ್ತದೆ; ನಮ್ಮೂರು ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ 94 ಕಿಲೋಪ್ಯಾಸ್ಕಲ್ ಹತ್ತಿರ. ಒಳ್ಳೆಯ ಇಂಜಿನ್ ಸ್ಲೋನಲ್ಲಿರುವಾಗ ಅದು 30-40ಕ್ಕೆ ಇಳಿಯುತ್ತದೆ. ಎಲ್ಲೋ ಹೋಸ್ ಹರಿದು ಗಾಳಿ ಸೋರುತ್ತಿದ್ದರೆ ಅಷ್ಟು ಇಳಿಯುವುದಿಲ್ಲ. ನಮ್ಮದು 36 ಇತ್ತು. ಸೋರಿಕೆ ಅಲ್ಲ.

ಮುಂದೆ ಫ್ಯೂಯಲ್ ಟ್ರಿಮ್. ಆಕ್ಸಿಜನ್ ಸೆನ್ಸರ್ ಹೊಗೆಯನ್ನು ನೋಡಿ ಹೇಳಿದ್ದಕ್ಕೆ ತಕ್ಕಂತೆ ಇಸಿಎಂ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ, ಆ ತಿದ್ದುಪಡಿಯ ಶೇಕಡಾ ಲೆಕ್ಕವೇ ಇದು. ನಮ್ಮ ಅಡ್ಜಸ್ಟ್‌ಮೆಂಟ್ ಎಂಟ್ರಿ ಇದ್ದ ಹಾಗೆ. ಅದು ಸದಾ ಸ್ವಲ್ಪ ಅಲುಗಾಡುತ್ತಿರಬೇಕು. ನಮ್ಮಲ್ಲಿ ನೇರ ಸೊನ್ನೆ, ಅಲುಗಾಟವೇ ಇಲ್ಲ. ಸೊನ್ನೆ ಎಂದರೆ ಒಳ್ಳೆಯದಲ್ಲವೇ ಎಂದು ಕೇಳಿದೆ. “ಲೆಕ್ಕ ಸರಿ ಇದೆ ಅಂತಲ್ಲ, ಲೆಕ್ಕ ಬರೆಯೋದನ್ನೇ ನಿಲ್ಲಿಸಿದೆ” ಎಂದರು.

ಕಾರಣ ಅದರ ಕೆಳಗಿನ ಸಾಲಿನಲ್ಲಿತ್ತು. ಕೂಲಂಟ್ ಉಷ್ಣತೆ 34 ಡಿಗ್ರಿ. ಅರ್ಧ ಗಂಟೆ ಓಡಿಸಿ ಬಂದ ಇಂಜಿನ್, ಹೋಸ್ ಮುಟ್ಟಿದರೆ ಕೈ ಸುಡುತ್ತಿತ್ತು! ಇಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡ ಇಸಿಎಂ ಹೆಚ್ಚು ಪೆಟ್ರೋಲ್ ಸುರಿದು ಸ್ಲೋ ಏರಿಸುತ್ತಿತ್ತು. ಬಿಸಿಯಾಗುವವರೆಗೆ ಟ್ರಿಮ್ ತಿದ್ದುವ ಕೆಲಸವನ್ನೂ ಶುರು ಮಾಡುವುದಿಲ್ಲ. ವೈರ್ ಪೂರ್ತಿ ತುಂಡಾಗಿದ್ದರೆ ಮೈನಸ್ 40 ತೋರಿಸಿ ಕೋಡ್ ಬರುತ್ತಿತ್ತು. 34 ಎಂಬುದು ಸುಳ್ಳಾದರೂ ನಂಬುವಂಥ ಸುಳ್ಳು, ಅದಕ್ಕೇ ಲೈಟ್ ಹತ್ತಿರಲಿಲ್ಲ.

“ಹಾಗಾದರೆ ಸೆನ್ಸರ್ ಬದಲಿಸೋಣ” ಎಂದರು ಮಾಮು. ಉಸ್ತಾದ್ ತಲೆ ಅಲ್ಲಾಡಿಸಿ ಮಲ್ಟಿಮೀಟರ್ ತೆಗೆದರು. ನನಗೆ ತುಂಬಾ ಹಿಡಿಸಿದ್ದು ಈ ಹೆಜ್ಜೆ. ಸ್ಕ್ಯಾನರ್ ಲೆಡ್ಜರ್ ಇದ್ದ ಹಾಗೆ, ಇಸಿಎಂ ಏನು ಬರೆದುಕೊಂಡಿದೆಯೋ ಅದನ್ನು ತೋರಿಸುತ್ತದೆ. ವೋಚರ್ ನೋಡಬೇಕಾದರೆ ಮೀಟರ್ ಬೇಕು. ಈ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ: 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ದಾಟಿದರೆ 300ರ ಆಸುಪಾಸು. ಕನೆಕ್ಟರ್ ಬಿಚ್ಚಿ ಸೆನ್ಸರ್‌ನ ಎರಡು ಪಿನ್‌ಗೆ ಮೀಟರ್ ಹಿಡಿದಾಗ 270 ಬಂತು. ಸೆನ್ಸರ್ ಸರಿಯಾಗಿಯೇ ಇದೆ! ಕನೆಕ್ಟರ್ ಒಳಗೆ ನೋಡಿದರೆ ಹಸಿರು ಪುಡಿ ಹಿಡಿದಿತ್ತು, ಒಂದು ಪಿನ್ ಸಡಿಲವಾಗಿತ್ತು. ಅಲ್ಲಿ ಸೇರಿಕೊಂಡಿದ್ದ ಸಾವಿರ ಓಮ್‌ಗೂ ಹೆಚ್ಚಿನ ರೆಸಿಸ್ಟೆನ್ಸನ್ನು ಇಸಿಎಂ ತಂಪು ಎಂದು ಓದುತ್ತಿತ್ತು. ಗಾಡಿ ನಡುಗಿದಾಗ ಸಂಪರ್ಕವೂ ಅಲುಗಿ ಸ್ಲೋ ಏರಿಳಿಯುತ್ತಿತ್ತು.

ಸ್ಪ್ರೇ ಹೊಡೆದು, ಬ್ರಷ್‌ನಿಂದ ಉಜ್ಜಿ, ಪಿನ್ ಬಿಗಿ ಮಾಡಿದರು. ಸ್ಕ್ಯಾನರ್‌ನಲ್ಲಿ 87 ಡಿಗ್ರಿ ಬಂತು. ಸ್ವಲ್ಪ ಹೊತ್ತಿಗೆ ಸ್ಲೋ 780ಕ್ಕೆ ಇಳಿಯಿತು, ಟ್ರಿಮ್ ಕುಣಿಯತೊಡಗಿತು. 500 ರೂಪಾಯಿ ತೆಗೆದುಕೊಂಡರು. ರೇಡಿಯೇಟರ್ ಫ್ಯಾನ್‌ಗೆ ಆನ್ ಆಗಲು ಹೇಳುವುದೂ ಎಷ್ಟೋ ಕಾರುಗಳಲ್ಲಿ ಇದೇ ಸೆನ್ಸರ್‌ನ ಅಂಕಿ. ಬೇಸಿಗೆಯ ಟ್ರಾಫಿಕ್‌ನಲ್ಲಿ ಫ್ಯಾನ್ ತಿರುಗದೆ ಇಂಜಿನ್ ಕುದ್ದಿದ್ದರೆ ಹೆಡ್ ಗ್ಯಾಸ್ಕೆಟ್‌ಗೆ ಎಷ್ಟಾಗುತ್ತಿತ್ತೋ, ಮಾಮು ಆ ಲೆಕ್ಕ ಕೇಳಲು ತಯಾರಿರಲಿಲ್ಲ.

ಮೊಬೈಲಿಗೆ ಜೋಡಿಸುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಮನೆಯಲ್ಲಿ ಕಾರು ಇದ್ದವರು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೀ ಮಾತ್ರ ಆನ್ ಮಾಡಿ ಎರಡು ಸಾಲು ನೋಡಿ: ಇನ್‌ಟೇಕ್ ಗಾಳಿಯ ಉಷ್ಣತೆ, ಕೂಲಂಟ್ ಉಷ್ಣತೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಹತ್ತು ಡಿಗ್ರಿ ವ್ಯತ್ಯಾಸ ಕಂಡರೆ ಪಾರ್ಟ್ ಕೊಳ್ಳುವ ಮೊದಲು ಕನೆಕ್ಟರ್ ಬಿಚ್ಚಿ ನೋಡಲು ಹೇಳಿ.