ನಮ್ಮ ಚಿನ್ನಿ ಆಸೆಬುರುಕಿಯಲ್ಲ

"ಏನೋ ಇದು, ಬೆಕ್ಕೋ ಕುಂಬಳಕಾಯೋ?"

ಊರಿಂದ ಬಂದ ಅಮ್ಮ ನಮ್ಮ ಚಿನ್ನಿಯನ್ನು ನೋಡಿ ಕೇಳಿದ್ದು ಹೀಗೆ. ನಕ್ಕೆನಾದರೂ ಮನಸ್ಸಿಗೆ ಚುಚ್ಚಿತು. ಮರಿ ಹಾಕದಂತೆ ಆಪರೇಷನ್ ಮಾಡಿಸಿದಾಗ ಮೂರು ಕೆಜಿ ಇದ್ದವಳು, ಎಂಟೇ ತಿಂಗಳಲ್ಲಿ ನಾಲ್ಕೂವರೆ ಕೆಜಿ ಆಗಿದ್ದಳು. ಸೋಫಾ ಹತ್ತೋಕೂ ಎರಡು ಸಲ ಯೋಚಿಸುತ್ತಿದ್ದಳು.

ನನ್ನದು ಮನೆಯಿಂದಲೇ ಕೆಲಸ. ಮೀಟಿಂಗ್ ಮಧ್ಯೆ ಬಂದು ಮಿಯಾವ್ ಅಂದರೆ ಬಟ್ಟಲಿಗೆ ಒಂದು ಹಿಡಿ ಸುರಿದು ಸುಮ್ಮನಾಗಿಸುತ್ತಿದ್ದೆ. ಆಮೇಲೆ "ಆಸೆಬುರುಕಿ" ಅಂತ ಬೈಯುತ್ತಲೂ ಇದ್ದೆ.

ಪಶುವೈದ್ಯರು ಹೇಳಿದ್ದೇ ಬೇರೆ. "ಆಸೆಬುರುಕತನ ಅಲ್ಲ ರೀ. ಅಂಡಾಶಯ ತೆಗೆದ ಮೇಲೆ ಈಸ್ಟ್ರೋಜನ್ ಹೋಯ್ತು. ಹಸಿವನ್ನ ಹಿಡಿತದಲ್ಲಿ ಇಡ್ತಿದ್ದದ್ದೇ ಅದು."

ಅವತ್ತು ರಾತ್ರಿ ಓದಲು ಕೂತೆ. ವಿಜ್ಞಾನಿಗಳು ಇದನ್ನು ಇಲಿಗಳಲ್ಲಿ ಚೆನ್ನಾಗಿ ಪರೀಕ್ಷಿಸಿದ್ದಾರೆ. ಹೆಣ್ಣಿಲಿ ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಆ ರಾತ್ರಿ ಅದು ತಿನ್ನುವುದು ಕಡಿಮೆ. ತಿನ್ನಲು ಬರುವ ಸರದಿಯೇನೂ ಕಡಿಮೆಯಾಗುವುದಿಲ್ಲ, ಪ್ರತಿ ಸಲದ ಊಟ ಚಿಕ್ಕದಾಗುತ್ತದೆ. ಊಟವಾದಾಗ ಕರುಳು ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನು ಬಿಟ್ಟು "ಹೊಟ್ಟೆ ತುಂಬಿತು" ಎಂದು ಮಿದುಳಿಗೆ ತಿಳಿಸುತ್ತದೆ. ಈಸ್ಟ್ರೋಜನ್ ಆ ಸಂದೇಶಕ್ಕೆ ಬಲ ತುಂಬುತ್ತದೆ. ಅಂಡಾಶಯ ತೆಗೆದ ಇಲಿ ಹೆಚ್ಚು ತಿಂದು ದಪ್ಪಗಾಗುತ್ತದೆ. ಈಸ್ಟ್ರೋಜನ್ ಕೊಟ್ಟರೆ ಊಟ ಮತ್ತೆ ಇಳಿಯುತ್ತದೆ.

ಬೆಳಿಗ್ಗೆ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದರೆ ಅಮ್ಮ, "ಇದಕ್ಕೆ ರಾತ್ರಿಯೆಲ್ಲ ಓದಿದ್ಯಾ? ಬೆದೆಗೆ ಬಂದ ಹಸು ಸರಿಯಾಗಿ ಮೇವು ತಿನ್ನಲ್ಲ, ಕೂಗ್ತಾನೇ ಇರುತ್ತೆ, ಹಾಲೂ ಕಡಿಮೆ ಮಾಡುತ್ತೆ. ನಮ್ಮ ಗೌರಿ ಇಪ್ಪತ್ತೊಂದು ದಿನಕ್ಕೊಮ್ಮೆ ಹಿಂಗೇ ಆಡ್ತಿದ್ಲಲ್ಲ!" ಅಂದರು. ಹೌದಲ್ಲ! ಕೊಟ್ಟಿಗೆಯಲ್ಲೇ ಬೆಳೆದವನಿಗೆ ಅದು ಮರೆತೇಹೋಗಿತ್ತು.

ಹಾಗಂತ ಆಪರೇಷನ್ ಮಾಡಿಸಿದ್ದು ತಪ್ಪಲ್ಲ. ಬೇಡದ ಮರಿಗಳೂ ಇಲ್ಲ, ಗರ್ಭಕೋಶದಲ್ಲಿ ಕೀವಾಗುವ ಭಯವೂ ಇಲ್ಲ. ತಪ್ಪಾದದ್ದು ಬಟ್ಟಲಲ್ಲಿ. ಆಪರೇಷನ್ ದಿನವೇ "ಇನ್ನು ಮೇಲೆ ಎಷ್ಟು ಹಾಕಬೇಕು?" ಅಂತ ನಾನು ಕೇಳಬೇಕಿತ್ತು. ನೀವು ಮಾಡಿಸುವುದಿದ್ದರೆ ಮರೆಯದೆ ಕೇಳಿ. ಆದರೆ ದಪ್ಪಗಾದ ಬೆಕ್ಕನ್ನು ಏಕಾಏಕಿ ಉಪವಾಸ ಕೆಡವಬೇಡಿ, ಅದರ ಯಕೃತ್ತಿಗೆ ಅಪಾಯ.

ಈಗ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಹಾಕುತ್ತೇನೆ. ಮೂರು ತಿಂಗಳಲ್ಲಿ ನಾಲ್ಕು ಕೆಜಿಗೆ ಇಳಿದಿದ್ದಾಳೆ. ಮೀಟಿಂಗ್ ಮಧ್ಯೆ ಈಗಲೂ ಬಂದು ಕೇಳುತ್ತಾಳೆ. ಬೈಯುವುದಿಲ್ಲ, ಎತ್ತಿ ತೊಡೆ ಮೇಲೆ ಕೂರಿಸಿಕೊಳ್ಳುತ್ತೇನೆ.