ಕೋಳಿ ಒಂದೇ, ಕಡ್ಡಿ ಬೇರೆ ಬೇರೆ

ಟೋಕಿಯೊದ ಯೂರಾಕುಚೋ ಸ್ಟೇಷನ್ ಬಳಿ, ರೈಲು ಹಳಿ ಹೊತ್ತ ಕಮಾನುಗಳ ಕೆಳಗೆ ಯಾಕಿತೋರಿ ಅಂಗಡಿಗಳ ಸಾಲೇ ಇದೆ. ತಲೆ ಮೇಲೆ ರೈಲಿನ ಗಡಗಡ, ಎದುರಿಗೆ ಇದ್ದಿಲ ಹೊಗೆ. ಎರಡು ವರ್ಷದ ಹಿಂದೆ ಪ್ರಾಜೆಕ್ಟ್‌ಗೆಂದು ಅಲ್ಲಿಗೆ ಹೋದಾಗ ನನ್ನ ಹಿಮೋಗ್ಲೋಬಿನ್ 9.8. ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು. ಡಾಕ್ಟರ್ ಕೊಟ್ಟ ಕಬ್ಬಿಣಾಂಶದ ಮಾತ್ರೆ ಬ್ಯಾಗಲ್ಲೇ ಇತ್ತು. ಹೊಟ್ಟೆ ತೊಳಸುತ್ತೆ ಅಂತ ನುಂಗ್ತಿರಲಿಲ್ಲ.

ಯಾಕಿತೋರಿ ಅಂದರೆ ಸುಟ್ಟ ಹಕ್ಕಿ. ಕೋಳಿಯ ಒಂದೊಂದು ಭಾಗವನ್ನೂ ಬೇರೆ ಬೇರೆ ಬಿದಿರು ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುತ್ತಾರೆ. ಮೊದಲ ದಿನ ನಾನು ತರಿಸಿದ್ದು ಬರೀ 'ಕಾವಾ', ಅಂದರೆ ಗರಿಗರಿ ಚರ್ಮ. ಅದೂ ನಾಲ್ಕು ಕಡ್ಡಿ! ಜೊತೆಗಿದ್ದ ಸಹೋದ್ಯೋಗಿ ನಕ್ಕು, "ದಿನಾ ಸುಸ್ತು ಅಂತೀರಲ್ಲ, ರೆಬಾ ತಗೊಳ್ಳಿ" ಅಂದರು. ರೆಬಾ ಅಂದರೆ ಲಿವರ್.

ರೂಮಿಗೆ ಬಂದು ಲೆಕ್ಕ ಹಾಕಿದೆ. 100 ಗ್ರಾಂ ಹಸಿ ಕೋಳಿ ಲಿವರ್‌ನಲ್ಲಿ ಸುಮಾರು 9 ಮಿಲಿಗ್ರಾಂ ಕಬ್ಬಿಣಾಂಶ. ತೊಡೆ ಮಾಂಸದಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. 'ಸಾಸಾಮಿ' ಎಂಬ ಎದೆಯ ಒಳಭಾಗದಲ್ಲಿ ಸುಮಾರು 23 ಗ್ರಾಂ ಪ್ರೋಟೀನ್, ಕೊಬ್ಬು ನಾಮಮಾತ್ರ. ನನ್ನ ಪ್ರೀತಿಯ ಚರ್ಮದಲ್ಲಿ? ಹೆಚ್ಚಿನ ಪಾಲು ಕೊಬ್ಬೇ.

ಮರುವಾರದಿಂದ ನನ್ನ ಆರ್ಡರ್ ಬದಲಾಯ್ತು: ಒಂದು ರೆಬಾ, ಎರಡು ಸಾಸಾಮಿ, ಒಂದು ಶಿಶಿತೋ. ಶಿಶಿತೋ ಅಂದರೆ ಅಷ್ಟೇನೂ ಖಾರವಿಲ್ಲದ ಪುಟ್ಟ ಹಸಿಮೆಣಸಿನಕಾಯಿ. ಅದರ ವಿಟಮಿನ್ ಸಿ, ದೇಹ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುತ್ತದೆ. ಊಟದ ಜೊತೆ ಕುಡಿಯೋ ಟೀ ಅದಕ್ಕೆ ಅಡ್ಡಿ, ಗ್ರೀನ್ ಟೀಯೂ ಅಷ್ಟೇ. ಹಾಗಾಗಿ ಟೀಯನ್ನು ಒಂದೆರಡು ಗಂಟೆ ಮುಂದೂಡಿದೆ. ಸಾಸ್ ವಿಷಯದಲ್ಲೂ ಎಚ್ಚರ ಬೇಕು. 'ತಾರೆ' ಅಂದರೆ ಸೋಯಾ ಸಾಸ್, ಸಿಹಿ ಮಿರಿನ್ ಸೇರಿದ ಲೇಪ, 'ಶಿಯೊ' ಅಂದರೆ ಉಪ್ಪು. ಯಾವುದು ತಗೊಂಡ್ರೂ ಉಪ್ಪು ತಪ್ಪಲ್ಲ.

ಲಿವರ್ ತಿಂದೇ ಗುಣವಾದೆ ಅಂದ್ರೆ ಸುಳ್ಳಾಗುತ್ತೆ. ಒಂದು ಕಡ್ಡಿಯಲ್ಲಿರೋದು 30-40 ಗ್ರಾಂ, ಅಂದರೆ ಹೆಚ್ಚೂಕಮ್ಮಿ 3 ಮಿಲಿಗ್ರಾಂ ಕಬ್ಬಿಣಾಂಶ. ಹೆಂಗಸರಿಗೆ ಐಸಿಎಂಆರ್ ಹೇಳುವುದು ದಿನಕ್ಕೆ 29. ದಿನಾ ರಾಶಿ ಲಿವರ್ ತಿನ್ನೋಣ ಅಂದ್ರೆ ಅದರಲ್ಲಿ ವಿಟಮಿನ್ ಎ ವಿಪರೀತ. ಗರ್ಭಿಣಿಯರಂತೂ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಯೂರಿಕ್ ಆಸಿಡ್ ಇರುವವರಿಗೂ ಒಳ್ಳೆಯದಲ್ಲ.

ಈ ಲೆಕ್ಕವೇ ನನ್ನ ಕಣ್ಣು ತೆರೆಸಿದ್ದು. ಡಾಕ್ಟರಿಗೆ ವಿಡಿಯೊ ಕಾಲ್ ಮಾಡಿ, ಮಾತ್ರೆ ನುಂಗ್ತಿಲ್ಲ ಅಂತ ಒಪ್ಪಿಕೊಂಡೆ. "ಮೊದಲೇ ಹೇಳಬಾರದಿತ್ತಾ?" ಅಂತ ಬೈದು ಬೇರೆ ಮಾತ್ರೆ ಬರೆದರು. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 12.1 ಆಯ್ತು.

ಕಾವಾ ಬಿಟ್ಟಿಲ್ಲ. ಈಗ ಒಂದೇ ಕಡ್ಡಿ.